ವಾಡೆಯೊಳಗಿನಿಂದ ಹಾಜರಿ

ಮಾನ್ಯರೇ, ಪತ್ರಿಕೆಗೆ ಇದು ನನ್ನ ಮೊದಲನೆಯ ಬರಹವಾದ್ದರಿಂದ ಅಕ್ಷರ ಅಂದವಾಗಿಲ್ಲದಿರುವುದನ್ನೂ ಕಾಗುಣಿತದ ದೋಷಗಳನ್ನೂ ಮನ್ನಿಸಬೇಕಾಗಿ ವಿನಂತಿ.

ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ನಾನು ಮನೆಯಲ್ಲಿ ರಾಗಿ ತುಂಬಿಡುವ ದೊಡ್ಡ ಮಣ್ಣಿನ ಖಾಲಿ ವಾಡೆಯೊಳಗೆ ಉಸಿರು ಬಿಗಿಹಿಡಿದು ಕುಳಿತಿದ್ದೆನು. ಕಣಕಟ್ಟೆಯ ನಮ್ಮ ಬೀದಿಗೆ ಸರ್ಕಾರಿ ಅಧಿಕಾರಿಗಳ ಜೀಪು ಬಂದಿತ್ತು. ಶಾಲೆ ಬಿಡದ ಬಡ ಹೆಣ್ಣುಮಕ್ಕಳಿಗೆ ಸರ್ಕಾರವು ಕೊಡುವ ಸಹಾಯಧನಕ್ಕೆ ಮೇಷ್ಟರು ನನ್ನ ಹೆಸರನ್ನು ಬರೆದು ಕಳುಹಿಸಿದ್ದರು. ಆ ದುಡ್ಡು ಮುಟ್ಟಿದವರ ಮಕ್ಕಳನ್ನು ಜೀಪಿನಲ್ಲಿ ಒಯ್ಯುತ್ತಾರೆಂಬ ಸುದ್ದಿ ಹಬ್ಬಿದ್ದ ಕಾರಣ, ಅವ್ವ ನನ್ನನ್ನು ವಾಡೆಗೆ ಇಳಿಸಿ ಮೇಲೆ ಮೊರ ಮುಚ್ಚಿದ್ದಳು.

"ಮಗ್ಳು ಊರಲ್ಲಿಲ್ಲ ಸ್ವಾಮಿ, ಜಾವಗಲ್ಲಿಗೆ ಹೋಗವ್ಳೆ," ಎಂದಳು ಅವ್ವ.

"ಹುಡುಗೀನ ಕಣ್ಣಾರೆ ನೋಡ್ದೆ ಬರೆಯೋ ಹಾಗಿಲ್ಲ ಕಣಮ್ಮ. ಹೆಸರು ಹೊಡೆದುಹಾಕ್ತೀನಿ," ಎಂದ ಅಧಿಕಾರಿಗಳು ಪಟ್ಟಿಯನ್ನು ತೆರೆದು ಗಟ್ಟಿಯಾಗಿ ಓದಿದರು: "ಗೌರಮ್ಮ."

ಶಾಲೆಯ ಅಭ್ಯಾಸಬಲದಿಂದ ನನ್ನ ಬಾಯಿ ತಾನಾಗಿಯೇ ಕೂಗಿತು: "ಹಾಜರ್ ಸಾರ್!"

ಅವ್ವ ಚೀರಿ ವಾಡೆಯನ್ನು ತಬ್ಬಿದಳು. "ಒಬ್ಳೇ ಮಗ್ಳು ಸ್ವಾಮಿ, ದುಡ್ಡು ಬ್ಯಾಡ, ಬುಟ್ಬುಡಿ!"

ಮೊರ ಸರಿಯಿತು. ಕನ್ನಡಕದ ಮುಖವೊಂದು ಒಳಗೆ ಬಗ್ಗಿತು. ಎಳೆದೊಯ್ಯುವರೆಂದು ನಾನು ಕಣ್ಣು ಮುಚ್ಚಿದೆನು. "ಜಾವಗಲ್ಲು ಇಷ್ಟು ಹತ್ರಾನೇನಮ್ಮ?" ಎಂಬ ಮಾತು, ಲೇಖನಿ ಗೀಚಿದ ಸದ್ದು, ಬಳಿಕ ಜೀಪು ಹೊರಟ ಸದ್ದು ಕೇಳಿಸಿದವು.

ಸಹಾಯಧನ ಬಂದಿತು, ಹತ್ತನೆಯ ತರಗತಿಯವರೆಗೂ ಓದಿದೆನು. ಆದರೂ ಜೀಪಿನ ಸದ್ದಾದರೆ ಅವ್ವನ ಕೈ ಇಂದಿಗೂ ನನ್ನ ರಟ್ಟೆಯನ್ನು ಹುಡುಕುತ್ತದೆ. ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ದಯವಿಟ್ಟು ತಿದ್ದಿಕೊಳ್ಳುವುದು. ಕೆಳಗಿನ ಹೆಸರನ್ನು ಮಾತ್ರ ಹೊಡೆದುಹಾಕಬಾರದೆಂದು ಪ್ರಾರ್ಥನೆ.

ಗೌರಮ್ಮ, ಕಣಕಟ್ಟೆ