ಒಂಥರಾ ಎಂಬ ಮಾತು ನಿಷೇಧವಾದ ಮನೆ

ಕಚೇರಿಯಲ್ಲಿ ಅವಳಿಗೆ ಪರೀಕ್ಷೆ ಮೇಡಂ ಎಂದೇ ಹೆಸರು. ಹೂಡಿಕೆ ಕಂಪನಿಯೊಂದರ ನೆಲಮಹಡಿಯಲ್ಲಿ, ಗ್ರಾಹಕರು ವಿಳಾಸ ಬದಲಾಯಿಸಿಕೊಡಿ ಎಂದು ಕೊಡುವ ಅರ್ಜಿಗಳನ್ನು ನೋಡುವುದು ಅವಳ ಕೆಲಸ. ಊರಿನ ಜನ ಮನೆ ಬದಲಾಯಿಸುತ್ತಲೇ ಇದ್ದರು. ಅವಳು ಮಾತ್ರ ಹನ್ನೊಂದು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು ಅವರ ಹೊಸ ವಿಳಾಸಕ್ಕೆ ಮೊಹರು ಒತ್ತುತ್ತಿದ್ದಳು.

ಹೂಡಿಕೆ ವಿಭಾಗ ಇದ್ದದ್ದು ಮೂರನೇ ಮಹಡಿಯಲ್ಲಿ. ಯಾರ ಹಣ ಎಲ್ಲಿ ಹಾಕಬೇಕೆಂದು ತೀರ್ಮಾನಿಸುವವರು ಅಲ್ಲಿ ಕೂರುತ್ತಾರೆ. ಅಲ್ಲಿಗೆ ಹೋಗಲು ಹಣಕಾಸು ವಿಶ್ಲೇಷಕರ ಪರೀಕ್ಷೆಯ ಎರಡನೇ ಹಂತ ಪಾಸಾಗಿರಬೇಕು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನವರನ್ನೆಲ್ಲ ಮೇಲೆ ಕಳಿಸುತ್ತೇನೆ, ಹೆಂಡತಿಯನ್ನು ಮೂರು ಮಹಡಿ ಹತ್ತಿಸಲು ಆಗುತ್ತಿಲ್ಲ ಎಂದು ಅವನು ತಮಾಷೆ ಮಾಡುತ್ತಿದ್ದ. ಆ ತಮಾಷೆಗೆ ಮನೆಯಲ್ಲಿ ನಗುತ್ತಿದ್ದವನು ಅವನೊಬ್ಬನೇ.

ಆಗಲೇ ಮೂರು ಸಲ ಫೇಲಾಗಿತ್ತು. ಮೊದಲ ಸಲ ಅವಳು ಟೈಮ್‌ಟೇಬಲ್ ಹಾಕಿದಳು. ಏಳು ಬಣ್ಣದ ಪೆನ್ನು, ಅಡಿಕೋಲು, ಗೋಡೆಯುದ್ದದ ಹಾಳೆ. ಅದನ್ನು ಮುಗಿಸಲು ಹದಿನೈದು ದಿನ ಹಿಡಿಯಿತು. ಹದಿನಾರನೆಯ ದಿನ ನೋಡಿದರೆ ಹದಿನೈದು ದಿನ ಹಿಂದೆ ಬಿದ್ದಿದ್ದಳು. ಎರಡನೇ ಸಲ ಮುಖ್ಯವಾದ ಸಾಲುಗಳಿಗೆ ಹಳದಿ ಬಣ್ಣ ಬಳಿದಳು. ಯಾವ ಸಾಲು ನೋಡಿದರೂ ಮುಖ್ಯವೇ ಅನ್ನಿಸಿ, ಕೊನೆಗೆ ಪುಸ್ತಕಕ್ಕೆ ಪುಸ್ತಕವೇ ಕಾಮಾಲೆ ಬಂದಂತಾಯಿತು. ಮೂರನೇ ಸಲ ವಿಡಿಯೊ ಪಾಠಗಳನ್ನು ಎರಡು ಪಟ್ಟು ವೇಗದಲ್ಲಿ ಕೇಳಿದಳು. ಅದರಿಂದ ಆದ ಒಂದೇ ಪರಿಣಾಮವೆಂದರೆ, ಗಂಡ ಮಾತಾಡುವುದು ತೀರಾ ನಿಧಾನ ಎಂದು ಸಿಡುಕತೊಡಗಿದಳು. ನಾಲ್ಕನೇ ಸಲವೂ ಆಗದಿದ್ದರೆ ಪುಸ್ತಕಗಳನ್ನು ರದ್ದಿಗೆ ಹಾಕಿ, ನಿವೃತ್ತಿಯ ತನಕ ಮೊಹರು ಒತ್ತಿಕೊಂಡಿರುವುದೆಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅದಕ್ಕೇ ಹೆದರಿಕೆ.

ಇಂಥ ಹೊತ್ತಿನಲ್ಲಿ ಅತ್ತೆ ಮೆಟ್ಟಿಲಿನಿಂದ ಜಾರಿ ಬಿದ್ದರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ಊರಿನವರ ಕಾಲೆಲ್ಲ ಜೋಡಿಸಿಕೊಟ್ಟ ಆ ಹೆಂಗಸಿಗೆ ಈಗ ತಮ್ಮ ಕಾಲೇ ಜೋಡಣೆಗೆ ಬಂತು. ಮೂರು ತಿಂಗಳು ಪ್ಲಾಸ್ಟರ್, ಪಕ್ಕದಲ್ಲಿ ಯಾರಾದರೂ ಇರಲೇಬೇಕು ಎಂದರು ಡಾಕ್ಟರು. ಸೊಸೆ ಕಚೇರಿಗೆ ಹೋದ ಮೇಲೆ ಪಕ್ಕದ ಮನೆಯವರು ಬಂದು ಕೂರಲು ಒಪ್ಪಿದರು, ಗಂಡನಿಗೆ ಬೆಳಗಿನ ಪಾಳಿ. ಹೀಗಾಗಿ ಸೊಸೆ ಓದುವ ಬೆಳಗಿನ ಎರಡು ಗಂಟೆ, ಓದುವ ಹಾಲ್, ಓದುವ ಮೇಜಿನ ಎದುರಿನ ಸೋಫಾ, ಎಲ್ಲವೂ ಅತ್ತೆಯ ಪಾಲಾಯಿತು.

ಅತ್ತೆ ಸೊಸೆ ಜಗಳವಾಡಿದವರಲ್ಲ. ಜಗಳವಾಡಲು ಮಾತು ಬೇಕು. ಇವರ ನಡುವೆ ಉಪ್ಪು, ಗ್ಯಾಸು, ಬಾಗಿಲ ಚಿಲಕ ಬಿಟ್ಟರೆ ಬೇರೆ ಮಾತಿರಲಿಲ್ಲ. ಮೊದಲ ವಾರವೇ ಸೊಸೆ ನಾದಿನಿಗೆ ಗುಟ್ಟಾಗಿ ಫೋನ್ ಮಾಡಿ, ಪ್ಲಾಸ್ಟರ್ ಬಿಚ್ಚಿದ ದಿನವೇ ಅಮ್ಮನನ್ನು ಕರಕೊಂಡು ಹೋಗಿಬಿಡು ಎಂದು ಹೆಚ್ಚುಕಡಿಮೆ ಕೈಮುಗಿದಿದ್ದಳು.

ಎರಡನೇ ವಾರದ ಒಂದು ಬೆಳಿಗ್ಗೆ ಅತ್ತೆ ಹೇಳಿದರು, "ಅದೇನು ಸುಮ್ಮನೆ ತುಟಿ ಅಲ್ಲಾಡಿಸ್ತಾ ಕೂತಿದೀಯ. ಗಟ್ಟಿಯಾಗಿ ಹೇಳು. ನನಗೂ ಹೊತ್ತು ಹೋಗುತ್ತೆ."

"ನಿಮಗೆ ಅರ್ಥ ಆಗಲ್ಲ ಅತ್ತೆ."

"ನಿನಗೆ ಆಗಿದ್ಯಲ್ಲ, ಹೇಳು."

ಸೊಸೆ ಪುಸ್ತಕ ನೋಡಿ ಓದಿದಳು. "ಬಡ್ಡಿ ದರ ಏರಿದ್ರೆ ಹಳೇ ಬಾಂಡಿನ ಬೆಲೆ ಇಳಿಯುತ್ತೆ."

"ಯಾಕೆ?"

"ಯಾಕೆ ಅಂದ್ರೆ, ಅವೆರಡಕ್ಕೂ ಒಂಥರಾ ವಿರುದ್ಧ ಸಂಬಂಧ."

ಅತ್ತೆಯ ಊರುಗೋಲು ನೆಲಕ್ಕೆ ಟಕ್ಕೆಂದು ಬಡಿಯಿತು. "ಒಂಥರಾ ಅಂದ್ರೆ ಯಾವ ಥರಾ?"

ಸೊಸೆ ಪುಟ ತಿರುಗಿಸಿದಳು. ಅಲ್ಲಿ ಎಲ್ಲವೂ ಹಳದಿಯಾಗಿತ್ತು. ಉತ್ತರ ಮಾತ್ರ ಕಾಣಲಿಲ್ಲ.

"ನೋಡಮ್ಮ," ಎಂದರು ಅತ್ತೆ, "ಸಾಹೇಬ್ರು ಈಗ ತಾನೇ ಹೊರಗೆ ಹೋದ್ರು ಅಂತ ಸಾಹೇಬ್ರೇ ಹೇಳೋದನ್ನ ದಿನಾ ಕೇಳಿದವಳು ನಾನು. ಗೊತ್ತಿರೋರ ಧ್ವನಿ ಬೇರೆ, ಗೊತ್ತಿಲ್ಲದೋರ ಧ್ವನಿ ಬೇರೆ. ನಿಂದು ಎರಡನೇದು. ಪುಸ್ತಕ ಮುಚ್ಚಿ ಹೇಳು."

ಸೊಸೆಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಓದಿದ್ದೇನೆ, ಟೆಲಿಫೋನ್ ಜೋಡಿಸುತ್ತಿದ್ದವರ ಹತ್ತಿರ ಹೇಳಿಸಿಕೊಳ್ಳಬೇಕೇ ಎಂದುಕೊಂಡಳು. ಆದರೂ ಹಟಕ್ಕೆ ಬಿದ್ದು ಪುಸ್ತಕ ಮುಚ್ಚಿದಳು. ತಲೆಯೊಳಗೆ ನೋಡಿದರೆ ಏನೂ ಇರಲಿಲ್ಲ. ಹತ್ತು ಸಲ ಓದಿದ ಪಾಠ, ಕಣ್ಣಿಗೆ ಚೆನ್ನಾಗಿ ಪರಿಚಯವಿದ್ದ ಪಾಠ, ಬಾಯಿಗೆ ಬರಲೊಲ್ಲದು. ಸುಮಾರು ಹೊತ್ತು ತಡಕಾಡಿ ಮೆಲ್ಲಗೆ ಶುರುಮಾಡಿದಳು. "ನಿಮ್ಮ ಹತ್ರ ನೂರಕ್ಕೆ ಆರು ಬಡ್ಡಿ ಕೊಡೋ ಬಾಂಡು ಇದೆ ಅಂದ್ಕೊಳ್ಳಿ. ಇವತ್ತು ಹೊಸದು ಬಂತು, ಅದು ಎಂಟು ಕೊಡುತ್ತೆ. ಈಗ ನಿಮ್ಮದನ್ನ ಯಾರು ತಗೋತಾರೆ?"

"ನೂರಕ್ಕೆ ಯಾರೂ ತಗೊಳ್ಳಲ್ಲ. ಕಡಿಮೆಗೆ ಬಿಟ್ಟುಕೊಟ್ರೆ ತಗೋತಾರೆ."

"ಅದೇ ಅತ್ತೆ. ಬೆಲೆ ಇಳೀತು."

"ಅಷ್ಟು ಮೊದಲೇ ಹೇಳೋಕೆ ಏನಾಗಿತ್ತು?"

ಅಂದಿನಿಂದ ಆ ಮನೆಯಲ್ಲಿ ಒಂಥರಾ ಎಂಬ ಮಾತು ನಿಷೇಧವಾಯಿತು. ಅದಕ್ಕೆ ಬದಲಾಗಿ ಬಂದ "ಅಂದ್ರೆ ಈಗ", "ಹೇಗೆ ಅಂದ್ರೆ", "ಮೂಲತಃ" ಎಂಬ ಮಾತುಗಳಿಗೂ ಊರುಗೋಲಿನ ಏಟು ತಪ್ಪಲಿಲ್ಲ. ಅತ್ತೆ ಹಳೇ ಡೈರಿಯೊಂದನ್ನು ತರಿಸಿಕೊಂಡು ಪಾಠಗಳ ಲೆಕ್ಕ ಬರೆದಿಟ್ಟರು: ಇದಕ್ಕೆ ಲೈನ್ ಸಿಕ್ಕಿತು, ಇದಕ್ಕೆ ಸಿಗಲಿಲ್ಲ, ಇದು ಮಧ್ಯದಲ್ಲಿ ಕಟ್ಟಾಯಿತು. ಲೈನ್ ಸಿಗದವನ್ನು ಮಾರನೆಯ ದಿನ ಮತ್ತೆ ಕೇಳುತ್ತಿದ್ದರು, ಸಿಕ್ಕವನ್ನು ವಾರ ಬಿಟ್ಟು ಕೇಳುತ್ತಿದ್ದರು. ಸೊಸೆ ಈರುಳ್ಳಿ ಹೆಚ್ಚುತ್ತಿದ್ದರೆ ಹಾಲಿನಿಂದ ಕೂಗು ಬರುತ್ತಿತ್ತು, "ಕರೆನ್ಸಿ ಪಾಠ ಲೈನಿಗೆ ಬರಲಿ." ಅವಳು ಕಣ್ಣೀರು ಒರೆಸಿಕೊಂಡು ವಿನಿಮಯ ದರ ವಿವರಿಸುತ್ತಿದ್ದಳು. ಗಂಡ ತಿಂಡಿಗೆ ಬಂದರೆ ಅವನಿಗೂ ಒಂದೆರಡು ಪ್ರಶ್ನೆ ಬೀಳುತ್ತಿತ್ತು. ಪಾಪ, ಅವನು ಲಿಫ್ಟ್ ಕೆಟ್ಟಿದೆ ಎಂದು ಅರ್ಧ ತಿಂಡಿಗೇ ಓಡುತ್ತಿದ್ದ.

ಮೂರು ತಿಂಗಳಲ್ಲಿ ಸೊಸೆಗೆ ಒಂದು ಸತ್ಯ ಗೊತ್ತಾಯಿತು, ಅದು ಖುಷಿಯ ಸತ್ಯವಲ್ಲ. ತಾನು ಇಷ್ಟು ವರ್ಷ ಓದಿದ್ದಲ್ಲ, ಪುಸ್ತಕದ ಪಕ್ಕದಲ್ಲಿ ಹಿತವಾಗಿ ಕೂತಿದ್ದದ್ದು ಅಷ್ಟೆ. ಓದುವುದಕ್ಕಿಂತ ಓದಿದ್ದನ್ನು ನೆನೆಸಿಕೊಂಡು ಹೇಳುವುದು ಹತ್ತು ಪಾಲು ಕಷ್ಟ. ಅದಕ್ಕೇ ಅದರ ತಂಟೆಗೆ ಹೋಗಿರಲಿಲ್ಲ. ಇನ್ನೊಂದೂ ಗೊತ್ತಾಯಿತು. ಬೆಳಗಿನ ಆ ಎರಡು ಗಂಟೆಗಾಗಿ ತಾನು ಕಾಯುತ್ತಿದ್ದೇನೆ ಎಂಬುದು.

ಪ್ಲಾಸ್ಟರ್ ಬಿಚ್ಚುವ ದಿನ ಬಂತು. ಪರೀಕ್ಷೆಗೆ ಇನ್ನು ಒಂಬತ್ತು ದಿನ. ಡೈರಿಯಲ್ಲಿ ಲೈನ್ ಸಿಗದ ಪಾಠಗಳು ಇನ್ನೂ ಐದು. ಸೊಸೆ ಕೇಳಿಕೊಂಡಿದ್ದಕ್ಕೆ ಸರಿಯಾಗಿ ನಾದಿನಿ ಬೆಳಿಗ್ಗೆಯೇ ಬಂದಿಳಿದಳು. "ಅತ್ತಿಗೆ, ನೀವು ಅಷ್ಟು ಕೇಳ್ಕೊಂಡಿದ್ರಲ್ಲ, ರಜ ಹಾಕಿ ಬಂದಿದೀನಿ. ಇವತ್ತೇ ಕರಕೊಂಡು ಹೋಗ್ತೀನಿ," ಎಂದಳು, ಅದೂ ಅತ್ತೆಯ ಎದುರಿಗೆ. ಸೊಸೆಗೆ ನೆಲ ಬಿರಿದರೆ ಸಾಕು ಎನ್ನಿಸಿತು. ಅತ್ತೆ ಅವಳ ಮುಖವನ್ನೊಮ್ಮೆ ನೋಡಿ, ಊರುಗೋಲು ಎತ್ತಿಕೊಂಡು ಆಸ್ಪತ್ರೆಗೆ ಹೊರಟರು.

ಡಾಕ್ಟರು ಕಾಲನ್ನು ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡಿದರು. "ಚೆನ್ನಾಗಿ ಕೂಡಿಕೊಂಡಿದೆ. ನೋವೇನಾದ್ರೂ ಇದೆಯಾ?"

"ನೋವು ಅಂತಲ್ಲ ಡಾಕ್ಟ್ರೇ," ಎಂದರು ಅತ್ತೆ. ಕೋಲಿನ ತುದಿ ನೋಡಿಕೊಂಡರು. "ಒಂಥರಾ."

ಸೊಸೆ ತಲೆಯೆತ್ತಿ ಚಾವಣಿಯ ಫ್ಯಾನನ್ನು ನೋಡಿದಳು.

"ಒಂಥರಾ ಅಂದ್ರೆ?"

"ದೂರ ಪ್ರಯಾಣ ಮಾಡಿದ್ರೆ ಜಾಸ್ತಿ ಆಗೋ ಥರಾ."

ಡಾಕ್ಟರು ಇಂಥ ನೋವನ್ನು ಮೊದಲೂ ಕಂಡಿದ್ದರೇನೋ. ಹತ್ತು ದಿನ ಪ್ರಯಾಣ ಬೇಡ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನಾದಿನಿ ಮೂಗು ಮುರಿದು ಮಧ್ಯಾಹ್ನದ ಬಸ್ಸಿಗೆ ವಾಪಸಾದಳು. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಸೊಸೆ ನಗು ತಡೆಯಲು ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ನಗೋದೇನಿದೆ," ಎಂದರು ಅತ್ತೆ, ಕಿಟಕಿಯಾಚೆ ನೋಡುತ್ತ. "ನೀತಿ ಸಂಹಿತೆ ಪಾಠ ಇನ್ನೂ ಬಾಕಿ ಇದೆ. ಸಾಯಂಕಾಲ ಅದನ್ನೇ ತಗೊಳ್ಳೋಣ."

"ಅತ್ತೆ, ನಾನು ಅವತ್ತು ಅವಳಿಗೆ ಫೋನ್ ಮಾಡಿದ್ದು..."

"ಮಾಡಿದ್ದು ಗೊತ್ತು. ಬಚ್ಚಲಲ್ಲಿ ನಿಂತು ಮಾತಾಡಿದ್ರೆ ಹಾಲಿಗೆ ಕೇಳಿಸುತ್ತೆ." ಅಷ್ಟು ಹೇಳಿ ಅವರು ಕೋಲನ್ನು ಸರಿಯಾಗಿ ಹಿಡಿದುಕೊಂಡರು. ಸೊಸೆಯ ನಗು ನಿಂತಿತು.

ಪರೀಕ್ಷೆ ನಡೆಯಿತು. ಗೊತ್ತಿದ್ದದ್ದನ್ನು ಬರೆದಳು, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂಬುದಾದರೂ ಸ್ಪಷ್ಟವಾಗಿ ಗೊತ್ತಾಯಿತು. ಫಲಿತಾಂಶಕ್ಕೆ ಏಳು ವಾರ. ಆ ಏಳು ವಾರ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಅತ್ತೆ ಮಗಳ ಮನೆಗೂ ಹೋಗಲಿಲ್ಲ, ಯಾಕೆಂದು ಯಾರೂ ಕೇಳಲೂ ಇಲ್ಲ.

ಒಂದು ಮಂಗಳವಾರ, ಕೌಂಟರಿನಲ್ಲಿ ಆರು ಜನ ಸಾಲು ನಿಂತಿದ್ದಾಗ ಮೇಲ್ ಬಂತು. ಸೊಸೆ ಎರಡು ಸಲ ಓದಿದಳು. ಮೂರನೇ ಸಲ ಓದಲು ಕಣ್ಣು ಮಂಜಾಗಿ ಆಗಲಿಲ್ಲ. ಗಂಡನಿಗೂ ಮೊದಲು ಮನೆಗೆ ಫೋನ್ ಮಾಡಿದಳು.

"ಅತ್ತೆ, ಪಾಸಾದೆ."

ಆ ಕಡೆ ಊರುಗೋಲು ಕೆಳಗೆ ಬಿದ್ದ ಸದ್ದು.

"ಅತ್ತೆ?"

"ಇನ್ನೊಂದ್ಸಲ ಹೇಳು."

"ಪಾಸಾದೆ ಅತ್ತೆ. ಎರಡನೇ ಹಂತ ಆಯ್ತು."

"ಇನ್ನೊಂದ್ಸಲ."

ಫೋನಿನಲ್ಲೇ ಏನೋ ತೊಂದರೆ ಎಂದುಕೊಂಡು ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ, ನೆಲಮಹಡಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು. "ಈಗ ಕೇಳಿಸ್ತಾ?"

"ಮೊದಲನೇ ಸಲಾನೇ ಕೇಳಿಸ್ತು," ಎಂದರು ಅತ್ತೆ. ಆ ಧ್ವನಿಯನ್ನು ಸೊಸೆ ಅದುವರೆಗೆ ಕೇಳಿರಲಿಲ್ಲ. "ಮೂವತ್ತೊಂದು ವರ್ಷ ಯಾರ್ಯಾರದೋ ಒಳ್ಳೆ ಸುದ್ದಿ ನನ್ನ ಕಿವಿ ದಾಟ್ಕೊಂಡು ಹೋಗ್ತಿತ್ತು. ನನಗೇ ಅಂತ ಯಾರೂ ಒಂದು ಫೋನ್ ಮಾಡಿರ್ಲಿಲ್ಲ. ನೀನು ಹೇಳ್ತಾ ಇರು."

ಸೊಸೆ ಸಾಲಿನಲ್ಲಿ ನಿಂತಿದ್ದವರಿಗೆ ಬೆನ್ನು ತಿರುಗಿಸಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.