ಆರನೆಯ ತೋಟೆ

ನಿನ್ನೆ ಸುಬೇದಾರರ ಮಗಳು ಜೆಪ್ಪುವಿನ ನಮ್ಮ ಮನೆಗೆ ಬಂದು ಒಂದು ಚರ್ಮದ ಚೀಲ ಕೊಟ್ಟಳು. ಒಳಗೆ ಸುಬೇದಾರರು ತೋಟೆ ಅಳೆಯುತ್ತಿದ್ದ ವರ್ನಿಯರ್ ಕ್ಯಾಲಿಪರ್. ಬಂದೂಕಿನ ಎಣ್ಣೆಯ ವಾಸನೆ ಅದಕ್ಕೆ ಇನ್ನೂ ಅಂಟಿಕೊಂಡಿತ್ತು…

ಅವರು ನಮ್ಮ ನೆರೆಯವರು. ಸೈನ್ಯದಿಂದ ನಿವೃತ್ತರಾದ ಮೇಲೆ ರೈಫಲ್ ಕ್ಲಬ್ಬಿಗೆ ಗುರಿ ಅಭ್ಯಾಸಕ್ಕೆ ಹೋಗುತ್ತಿದ್ದರು. ಖಾಲಿ ತೋಟೆಗಳಿಗೆ ತಾವೇ ಮತ್ತೆ ಮದ್ದು ತುಂಬಿ, ಮೇಲೆ ಗುಂಡು ಕೂರಿಸುತ್ತಿದ್ದರು. ಅದಕ್ಕೆ ಪರವಾನಗಿಯೂ ಇತ್ತು. ನಾನು ನರ್ಸ್, ಡ್ಯೂಟಿ ಮುಗಿಸಿ ಬಂದು ಅವರ ಮೇಜಿನೆದುರು ಕೂರುತ್ತಿದ್ದೆ.

ಆ ವಾರ ಗುಂಡುಗಳು ತೋಟೆಯ ಕುತ್ತಿಗೆಯಲ್ಲಿ ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಜಾರುತ್ತಿದ್ದವು.

"ಒಳಗೆ ಹೋದರೆ ಮದ್ದಿಗೆ ಜಾಗ ಸಾಲುವುದಿಲ್ಲ ಸಿಸ್ಟರ್. ಕೋವಿಯೇ ಒಡೆದುಹೋಗ್ತದೆ."

ಮೂರು ಸಂಜೆ ಕೂತು, ಸಡಿಲವಾದದ್ದನ್ನೆಲ್ಲ ಬದಿಗಿಟ್ಟು, ಇಪ್ಪತ್ತನ್ನು ಅಳೆದು ಪೆಟ್ಟಿಗೆಯ ಗುಳಿಗಳಲ್ಲಿ ಸಾಲಾಗಿ ಇಟ್ಟರು.

"ಎಂತ ಮಾರಾಯ್ರೆ, ಇಷ್ಟು ಅಳೆದು ಇಂಜೆಕ್ಷನ್ ಕೊಡಲಿಕ್ಕೆ ಹೋದರೆ ರೋಗಿ ಗುಣವಾಗಿ ಮನೆಗೆ ಹೋಗಿರ್ತಾನೆ," ಎಂದೆ.

"ನಿಮ್ಮ ಸೂಜಿ ತಪ್ಪಿದರೆ ರೋಗಿಗೆ. ಇದು ತಪ್ಪಿದರೆ ನನಗೆ," ಎಂದು ನಕ್ಕು ಚಾ ತರಲು ಒಳಗೆ ಹೋದರು.

ನೋಡೋಣವೆಂದು ಒಂದನ್ನು ಎತ್ತಿದೆ. ಆರನೆಯದು. ಕೈಜಾರಿ ಸಿಮೆಂಟು ನೆಲಕ್ಕೆ ಮೂತಿ ಕೆಳಗಾಗಿ ಬಿತ್ತು. ಸೆರಗಿನಲ್ಲಿ ಒರೆಸಿದೆ. ಪಕ್ಕದ್ದಕ್ಕಿಂತ ಚೂರು ಗಿಡ್ಡ ಕಂಡಿತು. ಹೇಳಿದರೆ ಇಪ್ಪತ್ತನ್ನೂ ಮತ್ತೆ ಅಳೆಯಲು ಕೂರುತ್ತಾರೆ ಅನಿಸಿತು… ಅದರ ಗುಳಿಯಲ್ಲೇ ಇಟ್ಟೆ.

ಮರುದಿನ ಬೆಳಿಗ್ಗೆ ಕ್ಲಬ್ಬಿನಲ್ಲಿ ನಾನು ಅವರ ಹಿಂದೆ ನಿಂತಿದ್ದೆ. ಅವರು ಯಾವಾಗಲೂ ಎಡದಿಂದ ಕ್ರಮವಾಗಿಯೇ ತೆಗೆದುಕೊಳ್ಳುವವರು. ಐದು ಸರಿಯಾಗಿ ಹೋದವು. ಆರನೆಯದರ ಸದ್ದೇ ಬೇರೆ, ಕಬ್ಬಿಣ ಹರಿದಂತೆ. ಕೋವಿಯ ಮರ ಸೀಳಿತ್ತು. ಅವರು ಬೀಳಲಿಲ್ಲ, ನಿಂತೇ ಇದ್ದರು. ಬಲಗಣ್ಣಿದ್ದಲ್ಲಿ ರಕ್ತ ತುಂಬಿತ್ತು. ಕೆನ್ನೆಯಲ್ಲಿ ಲೋಹದ ಚೂರು ನೆಟ್ಟಿತ್ತು. ಎಡಗೈಯ ಎರಡು ಬೆರಳು ತೊಗಲಿಗೆ ನೇತಾಡುತ್ತಿದ್ದವು. ನಾನು ಮಣಿಕಟ್ಟನ್ನು ಒತ್ತಿ ಹಿಡಿದೆ. ರಕ್ತ ನನ್ನ ಮೊಣಕೈಯವರೆಗೆ ಹರಿದು ತೊಟ್ಟಿಕ್ಕಿತು.

"ಎಷ್ಟನೆಯದು?" ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ.

ಉಳಿದ ಹದಿನಾಲ್ಕನ್ನು ಪೊಲೀಸರು ಅಳೆಸಿದರು. ಎಲ್ಲವೂ ಸರಿ ಇದ್ದವು. ಆಮೇಲೆ ಸುಬೇದಾರರು ಕೋವಿ ಮುಟ್ಟಲಿಲ್ಲ. ಡ್ರೆಸ್ಸಿಂಗ್ ಬದಲಿಸಲು ಹೋದಾಗಲೆಲ್ಲ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿ ಕೇಳುತ್ತಿದ್ದರು, "ಎಲ್ಲ ಸರಿ ಉಂಟಲ್ಲ ಸಿಸ್ಟರ್, ಮತ್ತೆ ನನ್ನ ಕೈ ಎಲ್ಲಿ ತಪ್ಪಿತು?"

ನಾನು ಬ್ಯಾಂಡೇಜು ಸುತ್ತುತ್ತಿದ್ದೆ…

ಅವರು ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. "ಪಪ್ಪ ಕೊನೆವರೆಗೂ ತನ್ನ ಕೈಯದ್ದೇ ತಪ್ಪು ಅಂತಿದ್ರು ಆಂಟಿ," ಎಂದಳು ಮಗಳು. "ಇದನ್ನು ನಿಮಗೇ ಕೊಡಲಿಕ್ಕೆ ಹೇಳಿದ್ರು."

ಗೇಟಿನವರೆಗೆ ಅವಳ ಜೊತೆ ನಡೆದೆ. ನಾನು ಏನೋ ಹೇಳುತ್ತೇನೆಂದು ಅವಳು ನಿಂತು ಕಾದಳು.

"ಜಾಗ್ರತೆ ಹೋಗು," ಎಂದೆ.