ಏರು ದಾರಿಗೆ ತಂದ ಬಾಕ್ಸ್ ಬ್ಲೇಡ್

ನನ್ನ ಗಂಡನಿಗೆ ಸೊಂಟದ ಆಪರೇಷನ್ ಆದ ಮೇಲೆ ಮಿನಿ ಟ್ರ್ಯಾಕ್ಟರ್ ನನ್ನ ಕೈಗೆ ಬಂತು. ತೋಟದ ಸಮತಟ್ಟಿನಲ್ಲಿ ಗೊಬ್ಬರ ಸಾಗಿಸುವಷ್ಟು ಕಲಿತಿದ್ದೆ. ಆದರೆ ಬೆಳ್ತಂಗಡಿ ಕಡೆಯ ನಮ್ಮ ಮನೆಗೆ ಡಾಂಬರು ರಸ್ತೆಯಿಂದ ಹತ್ತಿ ಬರುವ ಮಣ್ಣಿನ ದಾರಿ ಎಂದರೆ ನನಗೆ ಮೊದಲಿಂದಲೂ ಹೆದರಿಕೆ. ಅರ್ಧ ದಾರಿಯಲ್ಲಿ ಒಂದು ತಿರುವು. ಅದರ ಮಗ್ಗುಲಲ್ಲೇ ಕೆಂಪುಕಲ್ಲು ತೆಗೆದು ಬಿಟ್ಟ ಕೋರೆ, ಇಬ್ಬರ ಎತ್ತರದಷ್ಟು ಆಳ.

ಆ ವರ್ಷದ ಮಳೆಗೆ ದಾರಿಯಲ್ಲಿ ಮೊಣಕಾಲಾಳದ ಕೊರಕಲು ಬಿತ್ತು. ಗಂಡನನ್ನು ಮೂಡಬಿದಿರೆಗೆ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದ ರಿಕ್ಷಾದವನು ಕೆಳಗೇ ನಿಂತು, "ಇನ್ನು ಮೇಲೆ ಬರುವುದಿಲ್ಲ" ಎಂದುಬಿಟ್ಟ. ದಾರಿ ಸಮ ಮಾಡಲು ಬಾಕ್ಸ್ ಬ್ಲೇಡ್ ತರುವುದೆಂದು ಆಯಿತು. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಕಬ್ಬಿಣದ ಪೆಟ್ಟಿಗೆ ಅದು. ಎದುರಿನ ಹಲ್ಲುಗಳು ನೆಲ ಕೀಳುತ್ತವೆ, ಹಿಂದಿನ ಬ್ಲೇಡ್ ಆ ಮಣ್ಣನ್ನು ಎಳೆದು ಹಳ್ಳ ತುಂಬುತ್ತದೆ.

ಬಿ.ಸಿ.ರೋಡಿನ ಹತ್ತಿರದ ವರ್ಕ್‌ಶಾಪಿನಲ್ಲಿ ಎರಡು ಇದ್ದವು. ಒಂದು ನಾಲ್ಕು ಅಡಿಯದ್ದು. ಇನ್ನೊಂದು ಐದು ಅಡಿಯದ್ದು, ದಪ್ಪ ತಗಡಿನದು, ನಾಲ್ಕು ಜನ ಸೇರಿದರೂ ಅಲುಗಾಡದಂಥದ್ದು. ಗಂಡ ಅದರ ಮೇಲೆ ಕೈಯಿಟ್ಟು ನಿಂತರು.

"ನಮ್ಮದು ಮುರಕಲ್ಲಿನ ಗಟ್ಟಿ ನೆಲ. ಹಗುರದ್ದು ತಕೊಂಡರೆ ಮೇಲೆ ಮೇಲೆ ಹಾರ್ತದೆ, ಕೀಳುವುದಿಲ್ಲ."

ವರ್ಕ್‌ಶಾಪಿನವರು ನಮ್ಮ ಟ್ರ್ಯಾಕ್ಟರ್ ಎಷ್ಟು ಎಚ್‌ಪಿಯದ್ದೆಂದು ಕೇಳಿ ತಿಳಿದು, ಸ್ವಲ್ಪ ಯೋಚಿಸಿದರು. "ಏರು ಉಂಟಾ ಅಲ್ಲಿ?"

"ಸ್ವಲ್ಪ ಉಂಟು" ಎಂದರು ಗಂಡ.

ಸ್ವಲ್ಪ ಅಲ್ಲವೆಂದು ನನಗೆ ಗೊತ್ತಿತ್ತು. ಓಡಿಸುವವಳು ನಾನು ಎಂದು ನಾಲ್ಕು ಜನರ ಎದುರು ನೆನಪಿಸಿದರೆ ಅವರಿಗೆ ಹೇಗಾದೀತೋ ಎಂದು ಸುಮ್ಮನಾದೆ. ವರ್ಕ್‌ಶಾಪಿನವರು ಗಂಡನ ಕೋಲನ್ನು ನೋಡಿ ನನ್ನ ಕಡೆ ತಿರುಗಿ, "ಅಕ್ಕ, ಏನಾದರೂ ಅನುಮಾನ ಬಂದರೆ ಮೊದಲು ಅದನ್ನು ನೆಲಕ್ಕೆ ಬಿಡಿ" ಎಂದರು.

ಐದು ಅಡಿಯದ್ದನ್ನು ಹೊತ್ತು ತಂದ ಪಿಕಪ್ ನಮ್ಮ ದಾರಿ ಹತ್ತಲಿಲ್ಲ. ಡಾಂಬರಿನ ಬದಿಯಲ್ಲೇ ಬ್ಲೇಡನ್ನು ಇಳಿಸಿ, ನಾನು ಕೆಳಗೆ ತಂದ ಟ್ರ್ಯಾಕ್ಟರಿಗೆ ಸಿಕ್ಕಿಸಿಕೊಟ್ಟು ಹೋದರು. ಹೈಡ್ರಾಲಿಕ್ ಲಿವರಿನಿಂದ ಬ್ಲೇಡನ್ನು ನೆಲದಿಂದ ಎತ್ತಿಕೊಂಡು ಹೊರಟೆ. ಸ್ಟೀರಿಂಗ್ ಯಾಕೋ ಹಗುರವೆನಿಸಿತು. ಏರು ಶುರುವಾದಾಗ ಇನ್ನೂ ಹಗುರವಾಯಿತು. ತಿರುವಿಗೆ ಬಂದು ಬಲಕ್ಕೆ ತಿರುಗಿಸಿದೆ. ಚಕ್ರ ತಿರುಗಿತು, ಟ್ರ್ಯಾಕ್ಟರ್ ತಿರುಗಲಿಲ್ಲ. ಹಿಂದಿನ ಬ್ಲೇಡಿನ ಭಾರಕ್ಕೆ ಮುಂದಿನ ಎರಡೂ ಚಕ್ರ ನೆಲ ಬಿಟ್ಟಿದ್ದವು. ಬಾನೆಟ್ಟಿನ ಆಚೆ ದಾರಿ ಕಾಣುತ್ತಿರಲಿಲ್ಲ, ಆಕಾಶ ಮಾತ್ರ. ಎಡಕ್ಕೆ ಕೋರೆಯ ಅಂಚಿನ ಹುಲ್ಲು ಹತ್ತಿರ ಹತ್ತಿರ ಬರುತ್ತಿತ್ತು.

ಕ್ಲಚ್ ಒತ್ತಿದರೆ ಹಿಂದಕ್ಕೆ ಹೋಗುತ್ತೇನೆ, ಒತ್ತದಿದ್ದರೆ ಕೋರೆಗೆ. ಕೈ ಹೇಗೆ ಹೈಡ್ರಾಲಿಕ್ ಲಿವರಿಗೆ ಹೋಯಿತೋ ತಿಳಿಯದು, ಪೂರ್ತಿ ಕೆಳಗೆ ತಳ್ಳಿದೆ. ಬ್ಲೇಡ್ ಧಡ್ ಎಂದು ನೆಲಕ್ಕೆ ಬಿತ್ತು. ಅದರ ಹಲ್ಲು ನೆಲ ಕಚ್ಚಿತು, ಟ್ರ್ಯಾಕ್ಟರಿನ ಮೂತಿ ಧೊಪ್ಪನೆ ಕೆಳಗಿಳಿಯಿತು, ಇಂಜಿನ್ ಕುಲುಕಿ ನಿಂತಿತು. ಎಡ ಚಕ್ರದಿಂದ ಅಂಚಿಗೆ ಒಂದು ಮೊಳವೂ ಉಳಿದಿರಲಿಲ್ಲ.

ಬ್ರೇಕಿನಿಂದ ಕಾಲು ತೆಗೆಯುವ ಧೈರ್ಯ ಬರಲಿಲ್ಲ. ಮೇಲಿನಿಂದ ಗಂಡ ಕೋಲೂರಿಕೊಂಡು ಇಳಿದು ಬರುವುದು ಕಾಣಿಸಿತು. ಆಪರೇಷನ್ ಆದ ಮೇಲೆ ಆ ಇಳಿಜಾರಿನಲ್ಲಿ ಅವರು ಯಾರ ಆಸರೆಯೂ ಇಲ್ಲದೆ ಇಳಿದದ್ದು ಅದೇ ಮೊದಲು. ನಾನು ಬೀಳುವುದಕ್ಕಿಂತ ಅವರು ಬೀಳುತ್ತಾರೆಂಬ ಹೆದರಿಕೆಯೇ ಹೆಚ್ಚಾಯಿತು.

"ಬರಬೇಡಿ, ಅಲ್ಲೇ ನಿಲ್ಲಿ" ಎಂದೆ.

ನಿಲ್ಲಲಿಲ್ಲ. ಬಂದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಬಗ್ಗಲಾರದೆ, ಕಾಲಿನಿಂದಲೇ ಒಂದು ಕಲ್ಲನ್ನು ತಳ್ಳಿ ಕೊಟ್ಟರು. ನಾನು ಇಳಿದು ಮಣ್ಣಿನಲ್ಲೇ ಕುಳಿತೆ.

"ನಾನು ಸ್ವಲ್ಪ ಅಂತ ಹೇಳಬಾರದಿತ್ತು ಮಾರಾಯ್ತಿ" ಎಂದರು ಆಮೇಲೆ.

"ನನಗೂ ಗೊತ್ತಿತ್ತಲ್ಲ. ನಾನೂ ಹೇಳಲಿಲ್ಲ."

ಅವರು ಹೇಳಿಕೊಟ್ಟಂತೆ ಪಿನ್ ಕಳಚಿ, ಬ್ಲೇಡನ್ನು ಅಲ್ಲೇ ಬಿಟ್ಟು, ಬರಿಯ ಟ್ರ್ಯಾಕ್ಟರನ್ನು ಅಂಗಳಕ್ಕೆ ತಂದೆ. ಎರಡು ದಿನ ನಾನು ಅದರ ಹತ್ತಿರ ಸುಳಿಯಲಿಲ್ಲ.

ಮೂರನೆಯ ದಿನ, ಗಂಡ ಫೋನ್ ಮಾಡಿದ್ದಕ್ಕೆ, ವರ್ಕ್‌ಶಾಪಿನವರು ಜನರೊಂದಿಗೆ ಬಂದರು. ತಿರುವಿನಲ್ಲಿ ನಿಂತು ಮೇಲೆ ಕೆಳಗೆ ನೋಡಿ, "ಇದಾ ನೀವು ಹೇಳಿದ ಸ್ವಲ್ಪ?" ಎಂದು ಕೇಳಿದರು. ದೊಡ್ಡದನ್ನು ವಾಪಸ್ ತೆಗೆದುಕೊಂಡು ನಾಲ್ಕು ಅಡಿಯದ್ದನ್ನು ಕೊಟ್ಟರು. ಟ್ರ್ಯಾಕ್ಟರಿನ ಮೂತಿಗೆ ಕಬ್ಬಿಣದ ತೂಕ ಕಟ್ಟಿದರು. "ಏರನ್ನು ರಿವರ್ಸಿನಲ್ಲಿ ಹತ್ತಿ, ಆಗ ಮೂತಿ ಏಳುವುದಿಲ್ಲ. ಇಳಿಯುವಾಗ ಮಣ್ಣು ಎಳೆಯಿರಿ" ಎಂದು ತೋರಿಸಿಕೊಟ್ಟರು.

ದೊಡ್ಡದರಲ್ಲಿ ಒಂದೇ ಸಲಕ್ಕೆ ಆಗುವ ಕೆಲಸಕ್ಕೆ ಆರೇಳು ಸಲ ಓಡಾಡಬೇಕಾಯಿತು. ಆದರೂ ಮುಂದಿನ ಮಳೆಗೆ ಮೊದಲು ಕೊರಕಲು ಮುಚ್ಚಿತು. ರಿಕ್ಷಾ ಅಂಗಳದವರೆಗೆ ಬಂತು. ಹೆದರಿಕೆ ಮಾತ್ರ ಹೋಗಿಲ್ಲ. ಈಗಲೂ ತಿರುವಿಗೆ ಮೊದಲು ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಮುಂದಿನ ಚಕ್ರ ನೆಲಕ್ಕೆ ತಾಗಿದೆಯೇ ಎಂದು ಬಗ್ಗಿ ನೋಡುತ್ತೇನೆ. ಮೇಲೆ ಅಂಗಳದಲ್ಲಿ ಕುಳಿತು ನೋಡುವ ಗಂಡ ಅವಸರ ಮಾಡುವುದಿಲ್ಲ.